ಬೆಂಕಿ ನಂದಿಸುವ ಪಾಠ

"ಕೆಳಗಿಟ್ಟ ಮೇಲೆ ಮುಟ್ಟು, ಬೇವರ್ಸಿ. ಕೈಯಿಂದ ಕೈಗೆ ತೆಗೊಳ್ಳಲಿಕ್ಕೆ ನೀನೇನು ನನ್ನ ಭಾವನಾ?"

ಮುಂಡಪ್ಪ ಧಣಿಗಳ ಅಳಿಯ ರುಕ್ಮಯ್ಯ ಬಾಲ್ದಿಯನ್ನು ಸುಣ್ಣದ ಗೆರೆಯ ಮೇಲೆ ಕುಕ್ಕಿ ಹಿಂದೆ ಸರಿದ. ಅರ್ಧ ನೀರು ಚೆಲ್ಲಿತು. ಉಳಿದದ್ದನ್ನು ನೋಣಯ್ಯ ಎತ್ತಿ ಹೆಂಡತಿ ಅಮ್ಮಣಿಯ ಕೈಗೆ ದಾಟಿಸಿದ.

ಚೀನಾದೊಂದಿಗೆ ಯುದ್ಧ ನಡೆದ ಮರುವರ್ಷದ ಬೇಸಿಗೆ. ಆಕಾಶದಿಂದ ಬಾಂಬು ಬಿದ್ದು ಊರು ಹೊತ್ತಿಕೊಂಡರೆ ಪ್ರಜೆಗಳು ಮಾಡತಕ್ಕದ್ದೇನೆಂಬುದನ್ನು ಕಲಿಸಲು, ಕೊರಳಿಗೆ ಸೀಟಿ ತೂಗಿಸಿಕೊಂಡ ಸಾಹೇಬರೊಬ್ಬರು ಅಳದಂಗಡಿಯ ಆಚೆಗಿನ ನಮ್ಮ ಹಳ್ಳಿಗೆ ಬಂದಿದ್ದರು. ಬಾವಿಯಿಂದ ಬೆಂಕಿಯವರೆಗೆ ಸಾಲಾಗಿ ನಿಂತು ನೀರು ದಾಟಿಸುವುದೇ ಪಾಠ. ಬಾವಿ ಧಣಿಗಳದು. ಆದುದರಿಂದ ಬಾವಿಯ ಕಡೆಗೆ ಅವರ ಪೈಕಿಯವರು, ಬೆಂಕಿಯ ಕಡೆಗೆ ನಾವು. ನಡುವಿನ ಗೆರೆಯನ್ನು ಸಾಹೇಬರೇ ಸ್ವಹಸ್ತದಿಂದ ಎಳೆದಿದ್ದರು.

ಉರಿಸಲು ಏನಾದರೊಂದು ಬೇಕೆಂದಾಗ ಧಣಿಗಳು ಎಲೆಯಡಿಕೆ ಉಗಿದು, "ನೋಣಯ್ಯನ ಗುಡಿಸಲು ಉಂಟಲ್ಲ. ನನ್ನದೇ ಜಾಗ. ಹುಲ್ಲಿನ ಮಾಡಿನ ಒಂದು ಮೂಲೆಗೆ ಬೆಂಕಿ ಕೊಡಿ" ಎಂದಿದ್ದರು.

"ಧಣಿ, ಒಳಗೆ ಅಕ್ಕಿ ಉಂಟು, ಮಕ್ಕಳ ಬಟ್ಟೆ ಉಂಟು," ಎಂದು ಅಮ್ಮಣಿ ಕೈಮುಗಿದಿದ್ದಳು.

"ಒಂದು ಮೂಲೆ ಮಾತ್ರ. ಕೂಡಲೇ ನಂದಿಸ್ತಾರೆ. ದೇಶಕ್ಕೆ ಅಷ್ಟೂ ಆಗುದಿಲ್ವಾ ನಿನ್ನಿಂದ, ರಂಡೆ?"

"ಬಾಂಬು ಹಾಕುವವರಿಗೂ ನಮ್ಮ ಗುಡಿಸಲೇ ಕಾಣುದಾ ಧಣಿ?" ಎಂದ ನೋಣಯ್ಯ. ನಮ್ಮವರು ನಕ್ಕರು. ಧಣಿಗಳ ಬೆತ್ತ ಅವನ ಬೆನ್ನಿಗೆ ಬಿದ್ದ ಮೇಲೆ ಯಾರೂ ನಗಲಿಲ್ಲ.

ಈಗ ಆ ಮೂಲೆ ಉರಿಯುತ್ತಿತ್ತು. ಅಮ್ಮಣಿ ನೀರೆರಚಿದಳು. ಖಾಲಿ ಬಾಲ್ದಿ ನಮ್ಮ ಕೈಗಳಲ್ಲಿ ಹಾದು ಗೆರೆಯವರೆಗೆ ಮರಳಿತು. ರುಕ್ಮಯ್ಯ ಅದನ್ನು ಮುಟ್ಟಲಿಲ್ಲ.

"ಇವರು ಮುಟ್ಟಿದ್ದು ಇನ್ನು ಬಾವಿಕಟ್ಟೆ ಹತ್ತುದುಂಟಾ ಮಾರಾಯ್ರೆ?"

ಸಾಹೇಬರು ಸೀಟಿಯನ್ನು ಬಾಯಿಂದ ತೆಗೆದು ಒರೆಸಿಕೊಂಡರು. "ಊರಿನ ಆಚಾರಕ್ಕೆ ನಾವು ಕೈ ಹಾಕುವ ಹಾಗಿಲ್ಲ," ಎಂದರು.

ತುಂಬಿದ ಬಾಲ್ದಿಗಳು ಮುಗಿದವು. ಖಾಲಿಯವು ಗೆರೆಯ ಈಚೆ ಗುಡ್ಡೆಯಾದವು. ಮುಳಿಹುಲ್ಲಿನ ಮಾಡು ಪೂರ್ತಿ ಹೊತ್ತಿಕೊಂಡಿತು.

"ಧಣಿ, ನಾನೇ ಸೇದ್ತೇನೆ. ಒಂದು ಸಲ ಬಿಡಿ," ಎಂದ ನೋಣಯ್ಯ.

"ಕಟ್ಟೆಗೆ ಕಾಲಿಟ್ಟರೆ ಕಾಲು ಮುರಿದೇನು."

ಅಮ್ಮಣಿ ಹೊಗೆಯೊಳಗೆ ನುಗ್ಗಿ ಅಕ್ಕಿಯ ಮಡಕೆಯನ್ನು ಎಳೆದು ತಂದಳು. ಅಂಗಳದಲ್ಲಿ ಅದು ಒಡೆಯಿತು. ಅಕ್ಕಿ ಕರಿಹಿಡಿದಿತ್ತು. ಅವಳ ಹಿಂದೆ ಮಾಡು ಕುಸಿದುಬಿತ್ತು.

"ಸಾರ್ವಜನಿಕರೇ," ಎಂದು ಸಾಹೇಬರು ಗಂಟಲು ಸರಿಪಡಿಸಿಕೊಂಡರು, "ಆಪತ್ತಿನಲ್ಲಿ ಗಾಬರಿಯಾಗದಿರುವುದೇ ಮೊದಲನೆಯ ಪಾಠ."

ಧಣಿಗಳ ಪೈಕಿಯವರು ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಗಾಳಿ ತಿರುಗಿತು. ಕುಸಿದ ಮಾಡಿನ ಕಿಡಿಗಳು ಗದ್ದೆ ದಾಟಿ, ಧಣಿಗಳ ಬೈಹುಲ್ಲಿನ ಬಣವೆಯ ನೆತ್ತಿಗೆ ಇಳಿದವು.

"ನೋಡ್ತಾ ನಿಂತದ್ದೆಂತ, ನಾಯಿಗಳೇ? ಬಾವಿಗೆ ಹೋಗಿ. ನೀವೇ ಸೇದಿ. ಮುಟ್ಟಿ, ಏನು ಬೇಕಾದರೂ ಮುಟ್ಟಿ." ಧಣಿಗಳು ಪಂಚೆ ಎತ್ತಿಕೊಂಡು ಓಡಿಬಂದು, ಸುಣ್ಣದ ಗೆರೆಯನ್ನು ತಾವೇ ಕಾಲಿನಿಂದ ಉಜ್ಜಿ ಅಳಿಸಿದರು.

ನಾವು ಅಮ್ಮಣಿಯ ಮುಖ ನೋಡಿದೆವು. ಹುಬ್ಬು ಸುಟ್ಟುಹೋಗಿತ್ತು. ಅವಳು ಗುಡ್ಡೆಯಿಂದ ಒಂದು ಬಾಲ್ದಿಯನ್ನೆತ್ತಿಕೊಂಡು ಗೆರೆಯಿದ್ದ ಜಾಗಕ್ಕೆ ನಡೆದಳು; ಅದನ್ನು ಅಲ್ಲಿ ಮಗುಚಿ ಹಾಕಿ, ಅದರ ಮೇಲೆ ಕುಳಿತಳು.

"ಗಾಬರಿ ಮಾಡ್ಬಾರದಂತೆ ಧಣಿ. ಸಾಹೇಬರು ಈಗಷ್ಟೇ ಕಲಿಸಿದ್ರು."

ನೋಣಯ್ಯ ಇನ್ನೊಂದನ್ನು ಮಗುಚಿದ. ಬಳಿಕ ನಾವೆಲ್ಲ ಒಬ್ಬೊಬ್ಬರಾಗಿ ಕುಳಿತೆವು. ಬಣವೆಯ ಜ್ವಾಲೆ ಧಣಿಗಳ ದನದ ಹಟ್ಟಿಯ ಮಾಡಿನತ್ತ ನಾಲಿಗೆ ಚಾಚುತ್ತಿತ್ತು. ಬಾವಿಕಟ್ಟೆಯಲ್ಲಿ ರುಕ್ಮಯ್ಯನ ಕೈಯಲ್ಲಿ ಸೇದುವ ಕೊಡಪಾನವೊಂದೇ ಉಳಿದಿತ್ತು; ಬಾಲ್ದಿಗಳೆಲ್ಲ ನಮ್ಮ ಅಡಿಯಲ್ಲಿದ್ದವು.