ಮುಚ್ಚಿದ ಬಾಗಿಲು

ಏಪ್ರಿಲ್ ಹದಿನೇಳು, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಹೊಸ ಚಾವಣಿ ಹೇಗೆ ಕೆಲಸ ಮಾಡುತ್ತಿದೆಯೆಂದು ನೋಡಲು ಎಂಜಿನಿಯರ್ ಆಗಿದ್ದ ಅವಳು ಅಪ್ಪನ ಮರಗೆಲಸದ ಕಾರ್ಖಾನೆಗೆ ಬಂದಾಗ ಎರಡೂ ಬಾಗಿಲು ಮುಚ್ಚಿದ್ದವು. ಊಟಕ್ಕೆ ಹೋಗಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಒಳಗೆ ಅಪ್ಪ ಯಾರನ್ನೋ ಗದರುವುದು ಕೇಳಿಸಿತು.

ಅಲ್ಲಿ ಪಾಲಿಶ್ ಕೆಲಸ ಚಿಕ್ಕಪ್ಪನದು. ಹೋದ ಬೇಸಿಗೆಯಲ್ಲಿ ಅವರು ತಗಡಿನ ಚಾವಣಿಯ ಕಾವಿಗೆ ತಲೆಸುತ್ತಿ ಬಿದ್ದಿದ್ದರು. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಲೇಬೇಕೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

"ಬಿಡೋದೆಲ್ಲ ಬೇಡ ಚಿಕ್ಕಪ್ಪ, ಚಾವಣಿ ನನಗೆ ವಹಿಸಿ," ಎಂದು ಮಾತು ಕೊಟ್ಟವಳು ಅವಳೇ.

ತಗಡಿನಡಿ ಶಾಖ ತಡೆಯುವ ದಪ್ಪ ಹಾಸು ಹಾಕಿಸಿದಳು. ಬಿಸಿಗಾಳಿ ಹೊರಹೋಗಲು ಚಾವಣಿಯ ನೆತ್ತಿಯುದ್ದಕ್ಕೂ ಕಿಂಡಿ ಬಿಡಿಸಿದಳು. ಹೋದಷ್ಟು ಗಾಳಿ ಕೆಳಗಿನಿಂದ ಒಳಬರಬೇಕಲ್ಲ. ಅದಕ್ಕೆ ಎರಡು ದೊಡ್ಡ ಬಾಗಿಲುಗಳೇ ಸಾಕೆಂದು ಲೆಕ್ಕ ಹಾಕಿದಳು. ಅಳತೆಗೆ ಬಂದಾಗಲೆಲ್ಲ ಬೆಳಗಿನ ಹೊತ್ತು, ಬಾಗಿಲುಗಳು ಹಾರುಹೊಡೆದಿರುತ್ತಿದ್ದವು.

ಈಗ ಬಾಗಿಲು ತಳ್ಳಿದರೆ ಒಲೆಯ ಬಾಯಿಗೆ ಮುಖವೊಡ್ಡಿದಂತಾಯಿತು. ಅಪ್ಪ ಚಿಕ್ಕಪ್ಪನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿ ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಕಣ್ಣು ಕತ್ತಲಿಟ್ಟು ಕುಸಿದವರು ಆಗಷ್ಟೇ ಎಚ್ಚೆತ್ತಿದ್ದರು. ಆದರೂ ಬಾಗಿಲು ತೆಗೆಯಲು ಬಿಟ್ಟಿರಲಿಲ್ಲವಂತೆ.

"ಮೊದಲು ಬಾಗಿಲು ಹಾಕು, ಧೂಳು," ಎಂದರು ಚಿಕ್ಕಪ್ಪ.

ಮಧ್ಯಾಹ್ನ ಬಳಿದ ಪಾಲಿಶ್ ಒಣಗುವ ತನಕ ಬಾಗಿಲು ತೆಗೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ಅವಳು ಹುಟ್ಟುವ ಮೊದಲಿನಿಂದಲೂ ಹಾಗೆಯೇ.

"ನಿನಗೆ ಗೊತ್ತಿರೋದೇ ಅಲ್ವಾ ಅಂದ್ಕೊಂಡ್ವಿ," ಎಂದರು ಅಪ್ಪ.

ಗೊತ್ತಿತ್ತು. ಚಿಕ್ಕಂದಿನಲ್ಲಿ ಇದೇ ಹೊತ್ತಿಗೆ ಇದೇ ಬಾಗಿಲು ತೆಗೆದು ಎಷ್ಟು ಸಲ ಬೈಸಿಕೊಂಡಿದ್ದಳೋ. ನಕ್ಷೆಯ ಮುಂದೆ ಕೂತಾಗ ಮಾತ್ರ ಆ ಬಾಗಿಲು ಬರೀ ಅಗಲ, ಎತ್ತರವಾಗಿತ್ತು.

ಅವಳ ಮುಖ ನೋಡಿ ಚಿಕ್ಕಪ್ಪ ನಕ್ಕರು. "ಚಾವಣಿದೇನೂ ತಪ್ಪಿಲ್ಲ ಮಗಳೇ. ನಾನೇ ಬೇಗ ಬೇಯೋ ಕಾಳು."

ಸ್ಟೂಲಿನ ಪಕ್ಕ ಹಿಡಿದ ಥರ್ಮಾಮೀಟರು ನಲವತ್ತಮೂರು ಡಿಗ್ರಿ ತೋರಿಸಿತು. ಮರುದಿನದಿಂದ ಚಿಕ್ಕಪ್ಪ ಬರಲಿಲ್ಲ.

ಗೋಡೆಯ ಬುಡದಲ್ಲಿ ಸಾಲಾಗಿ ಕಿಂಡಿ ಕೊರೆಸಿ, ಧೂಳು ಸೋಸುವ ಬಟ್ಟೆ ಬಿಗಿಸಲು ಹಿಡಿದದ್ದು ಬರೀ ನಾಲ್ಕು ದಿನ. ಮೇ ತಿಂಗಳಲ್ಲಿ, ಅಷ್ಟೇ ಸುಡುವ ಒಂದು ಮಧ್ಯಾಹ್ನ, ಬಾಗಿಲು ಮುಚ್ಚಿಸಿ, ಖಾಲಿ ಸ್ಟೂಲಿನ ಪಕ್ಕ ಮತ್ತೆ ಅಳೆದಳು. ಚಿಕ್ಕಪ್ಪ ಫೋನು ಮಾಡಿ ಎಷ್ಟಿದೆಯೆಂದು ಕೇಳಿದರು. ಸುಳ್ಳು ಹೇಳಿಬಿಡೋಣವೇ ಎನಿಸಿತು, ಇದ್ದದ್ದನ್ನೇ ಹೇಳಿದಳು.

ಮೂವತ್ತಾರು ಡಿಗ್ರಿ.