ಮೂರನೇ ಬಾವಿ

ಎಡಕ್ಕೆ ಅವಳು ಒತ್ತಲೇ ಇಲ್ಲ. ಆದರೂ ಪರದೆಯ ಮೇಲಿನ ಆಟದ ಗೊಂಬೆ ಮುಳುಗಪ್ಪ ಎಡಕ್ಕೆ ಜರುಗಿದ, ಕಟ್ಟೆಯ ಅಂಚಿನಿಂದ ಜಾರಿದ, ಕೆಳಗೆ ಬಾಯಿ ತೆರೆದು ಕಾಯುತ್ತಿದ್ದ ಮೀನಿಗೆ ತುತ್ತಾದ. ಯಂತ್ರ ತನ್ನ ಹಳೆಯ ಮೂರು ಸ್ವರಗಳಲ್ಲಿ ಅತ್ತು ಸುಮ್ಮನಾಯಿತು.

'ದರಿದ್ರದ ಕೋಲು,' ಎಂದಳು.

ಬೆಳಗಿನಿಂದ ಇದು ಹನ್ನೊಂದನೇ ಸಾವು. ಹನ್ನೊಂದೂ ಒಂದೇ ಜಾಗದಲ್ಲಿ, ಮೂರನೇ ಬಾವಿಯ ನಡುಗಟ್ಟೆಯ ಮೇಲೆ.

ಕತ್ತಿನ ದಾರದಲ್ಲಿದ್ದ ಕೀಲಿಯಿಂದ ಕೋಲು, ಬಟನ್ನುಗಳಿರುವ ಯಂತ್ರದ ಮುಂಗಟ್ಟನ್ನು ತೆರೆದು, ಅದನ್ನು ಮೇಲೆತ್ತಿ ಮೊಣಕಾಲಿಗೆ ಆನಿಸಿಕೊಂಡಳು. ಜಾಯ್‌ಸ್ಟಿಕ್ಕಿನ ಬುಡದಲ್ಲಿ ನಾಲ್ಕು ಸ್ವಿಚ್ಚುಗಳು, ಒಂದೊಂದು ದಿಕ್ಕಿಗೆ ಒಂದೊಂದು. ಕೋಲು ಯಾವ ಕಡೆ ವಾಲುತ್ತದೋ ಆ ಕಡೆಯ ಸ್ವಿಚ್ಚು ಟಿಕ್ ಅನ್ನುತ್ತದೆ, ಮುಳುಗಪ್ಪ ಆ ಕಡೆ ಹೋಗುತ್ತಾನೆ. ಅದರಲ್ಲಿ ಬೇರೆ ಗುಟ್ಟೇನೂ ಇಲ್ಲ. ಎಡಗಡೆಯದನ್ನು ಕಿತ್ತು ಬಿಸ್ಕತ್ತಿನ ಡಬ್ಬಕ್ಕೆ ಎಸೆದಳು. ಡಬ್ಬದ ಮೇಲೆ 'ಕೆಟ್ಟದ್ದು' ಎಂದು ಅವಳದೇ ಅಕ್ಷರ. ಹತ್ತು ದಿನಗಳಲ್ಲಿ ಎಡಗಡೆಗೆ ಇದು ನಾಲ್ಕನೇ ಸ್ವಿಚ್ಚು. ಕೋಲನ್ನು ನಡುವಿಗೆ ತರುವ ಸ್ಪ್ರಿಂಗನ್ನು ಎರಡು ಸಲ ಬದಲಿಸಿದ್ದಳು, ಪ್ರತಿ ಸಲವೂ ಮೊದಲಿಗಿಂತ ಬಿಗಿಯಾದದ್ದನ್ನು ಹಾಕಿ.

ಅವಳ ಕೆಲಸವೇ ಇದು. ಜನ ಚಿಕ್ಕಂದಿನಲ್ಲಿ ಸಾಲು ನಿಂತು ಆಡಿದ ಯಂತ್ರಗಳನ್ನು ಗುಜರಿಯಿಂದ ಹುಡುಕಿ ತಂದುಕೊಡುತ್ತಾರೆ, ಅವಳು ಜೀವ ಕೊಡುತ್ತಾಳೆ. ಪರದೆ, ತಂತಿ ಯಾರು ಬೇಕಾದರೂ ಮಾಡಿಯಾರು. ಕೋಲು ಮಾತ್ರ ಅವಳೇ. ಕಣ್ಣು ಮುಚ್ಚಿ ಹಿಡಿದರೂ ಸಾಕು, ಯಾವ ವರ್ಷದ್ದು, ಎಷ್ಟು ಅಂಗೈ ಸವೆಸಿದ್ದು, ಯಾವ ಮೂಲೆಗೆ ಸೋಮಾರಿಯಾಗಿದೆ, ಎಲ್ಲ ಹೇಳುತ್ತಿದ್ದಳು. ಗಿರಾಕಿಗಳು 'ರಿಪೇರಿ ಅಕ್ಕ' ಎನ್ನುತ್ತಿದ್ದರು. ಅಂಗಡಿಗೆ ಒಂದು ನೇಮವಿತ್ತು: ಗಿರಾಕಿಯ ಎದುರಿಗೇ ತಾನು ಆಡಿ, ಕಷ್ಟದ ಜಾಗ ದಾಟಿಸಿ ತೋರಿಸದೆ ಅವಳು ಯಂತ್ರವನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಅವಳಪ್ಪನಿಂದ ಬಂದ ನೇಮ ಅದು.

ಈ ಆಟದ ಕಷ್ಟದ ಜಾಗ ಮೂರನೇ ಬಾವಿ. ನಡುಗಟ್ಟೆಯ ಮೇಲೆ ಮುಳುಗಪ್ಪ ಮೂರು ಎಣಿಸುವಷ್ಟು ಹೊತ್ತು ಅಲ್ಲಾಡದೆ ನಿಲ್ಲಬೇಕು. ಅಲ್ಲಾಡಿದರೆ ಮೀನಿಗೆ ಗೊತ್ತಾಗುತ್ತದೆ. ಮೂರು ಆದ ಕ್ಷಣವೇ ಮೇಲಕ್ಕೆ ನೆಗೆಯಬೇಕು, ಹಾಗಾಗಿ ಕೋಲು ಬಿಟ್ಟು ಕಾಯುವ ಹಾಗಿಲ್ಲ. ಬಿಟ್ಟವರ ಕೈ ವಾಪಸು ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಕೈ ಕೋಲಿನ ಮೇಲಿರಬೇಕು, ಆದರೆ ಏನನ್ನೂ ಮಾಡಬಾರದು.

ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟರು ಬರುವವರಿದ್ದರು, ಈ ಯಂತ್ರದ ಒಡೆಯರು. ಗಡಿಯಾರದಲ್ಲಿ ಎರಡೂವರೆ.

ಹೊಸ ಸ್ವಿಚ್ಚು ಕೂರಿಸಿ ಮತ್ತೆ ಆಡಿದಳು. ಮೂರನೇ ಬಾವಿ. ಒಂದು, ಎರಡು.

ಹನ್ನೆರಡನೇ ಸಾವು.

'ಏನು ಚಿಕ್ಕಮ್ಮ, ಬಾಗಿಲಾಚೆಗೂ ಕೇಳಿಸ್ತಿದೆ ನಿನ್ನ ಬೈಗುಳ!' ಅಕ್ಕನ ಮಗಳು ಒಳಗೆ ಬಂದು ಚಪ್ಪಲಿ ಮೂಲೆಗೆ ಒಗೆದಳು. ಕಿವಿ ಕೇಳದವರಿಗೆ ಮೆಷಿನ್ ಕೂರಿಸುವ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ರಜೆಯ ದಿನ ಇಲ್ಲಿಗೆ ಬಂದು ತಂತಿಗಳ ನಡುವೆ ಕೂರುವುದೇ ಆರಾಮ ಎನ್ನುತ್ತಿದ್ದಳು.

'ಬಾರಮ್ಮ ಕಿವಿ ಡಾಕ್ಟ್ರೇ. ಹಲ್ಲಿನ ಡಾಕ್ಟ್ರು ಇನ್ನೇನು ಬರ್ತಾರೆ. ಕಣ್ಣಿನವರೊಬ್ಬರು ಬಂದ್ರೆ ಆಸ್ಪತ್ರೆ ಅಂತ ಬೋರ್ಡ್ ಹಾಕ್ಬೋದು.'

'ಪೇಷೆಂಟ್ ಯಾರು?'

'ಇದೇ ಕೋಲು. ಸತ್ತರೂ ಸರಿಹೋಗ್ತಿಲ್ಲ. ಈಗಿನ ಸ್ವಿಚ್ಚುಗಳೆಲ್ಲ ಬರೀ ಹೊಟ್ಟು ಕಣೆ.'

ಅಕ್ಕನ ಮಗಳು ಸ್ಟೂಲು ಎಳೆದುಕೊಂಡು ಕೂತಳು. ಸುಮ್ಮನೆ ಕೂರುವ ಜಾತಿಯಲ್ಲ. ಬಿಸ್ಕತ್ತಿನ ಡಬ್ಬವನ್ನು ಮಡಿಲಿಗೆಳೆದುಕೊಂಡು, ಕರೆಂಟು ಹರಿಯುತ್ತದೆಯೇ ಎಂದು ನೋಡುವ ಮೀಟರಿನ ಎರಡು ತಂತಿಗಳನ್ನು ಒಂದು ಸ್ವಿಚ್ಚಿಗೆ ತಾಗಿಸಿ ಒತ್ತಿದಳು. ಬೀಪ್. ಬಿಟ್ಟಳು, ಮೌನ. ಇನ್ನೊಂದು. ಬೀಪ್. ಡಬ್ಬ ಅರ್ಧ ಖಾಲಿಯಾಗುವವರೆಗೂ ಕಡಲೆಬೀಜ ಬಿಡಿಸುವವಳ ಹಾಗೆ ಒಂದೊಂದನ್ನೇ ಒತ್ತಿ ಒತ್ತಿ ಪಕ್ಕಕ್ಕಿಟ್ಟಳು.

'ಚಿಕ್ಕಮ್ಮ, ಇವೆಲ್ಲಾ ಚೆನ್ನಾಗೇ ಇವೆಯಲ್ಲ!' ಎಂದಳು, ಏನೋ ಸಿಕ್ಕಿದ ಖುಷಿಯಲ್ಲಿ.

ಆ ಮಾತನ್ನು ಚಿಕ್ಕಮ್ಮ ಹಿಂದೆ ಕೇಳಿದ್ದಳು. ಅಲ್ಲ, ಹೇಳಿದ್ದಳು.

'ಮೀಟರ್ ಕೆಟ್ಟಿರ್ಬೇಕು.'

ಅಕ್ಕನ ಮಗಳು ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿದಳು. ಬೀಪ್. 'ಮೀಟರ್ ಗುಂಡುಕಲ್ಲಿನ ಹಾಗಿದೆ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ ನೋಡು, ಹಾಗಾಯ್ತು ನಿನ್ನ ಕಥೆ.' ನಕ್ಕಳು. ಅವಳಿಗೇನು ಗೊತ್ತು?

ಚಿಕ್ಕಮ್ಮ ಚಿಕ್ಕವಳಿದ್ದಾಗ ಅಪ್ಪನ ಆಟದಂಗಡಿಯಲ್ಲಿ ಹನ್ನೆರಡು ಯಂತ್ರಗಳಿದ್ದವು. ಬಿಸಿ ಧೂಳು, ಬೆವರು, ಕಬ್ಬಿಣದ ವಾಸನೆ. ಮುಂಗಟ್ಟುಗಳ ಅಂಚಿನಲ್ಲಿ ಸಿಗರೇಟು ಸುಟ್ಟ ಕಂದು ಗೆರೆಗಳು. ಸಾವಿರ ಬೆರಳು ಒತ್ತಿ ಒತ್ತಿ ನಡುವೆ ಗುಳಿಬಿದ್ದ ಕೆಂಪು ಬಟನ್ನುಗಳು. ಅವಳು ಸೋಡಾ ಪೆಟ್ಟಿಗೆ ಬೋರಲು ಹಾಕಿ ಹತ್ತಿ ನಿಲ್ಲುತ್ತಿದ್ದಳು, ಅಪ್ಪ ಹಿಂದಿನಿಂದ ಅವಳ ಪುಟ್ಟ ಕೈಯನ್ನು ಕೋಲಿನ ಗುಂಡಿನ ಮೇಲಿಟ್ಟು 'ಮೊಟ್ಟೆ ಹಿಡಿದ ಹಾಗೆ ಹಿಡಿ ಮಗಳೇ. ಒಡೀಬಾರ್ದು, ಬೀಳ್ಲೂಬಾರ್ದು' ಎನ್ನುತ್ತಿದ್ದ. ಊರಿನಲ್ಲಿ ಮೂರನೇ ಬಾವಿ ದಾಟುತ್ತಿದ್ದವನು ಅವನೊಬ್ಬನೇ. ಅವನು ನಡುಗಟ್ಟೆಗೆ ಬಂದರೆ ಉಳಿದ ಹನ್ನೊಂದು ಯಂತ್ರಗಳ ಮುಂದೆ ಯಾರೂ ಇರುತ್ತಿರಲಿಲ್ಲ.

ಒಂದು ವರ್ಷ ಅಪ್ಪ ಕೋಲುಗಳು ಸರಿಯಿಲ್ಲ ಎನ್ನತೊಡಗಿದ. ಮೊದಲು ಒಂದರದ್ದು, ಆಮೇಲೆ ಹನ್ನೆರಡರ ಸ್ಪ್ರಿಂಗುಗಳನ್ನೂ ಬಿಗಿ ಮಾಡಿದ. ಆಡಲು ಬಂದವರು ಮಣಿಕಟ್ಟು ನೀವಿಕೊಳ್ಳುತ್ತಾ ಹೋದರು, ತಿರುಗಿ ಬರಲಿಲ್ಲ. ಒಂದು ದಿನ ಅವಳು ಅಪ್ಪನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ರಾಶಿ ಸ್ವಿಚ್ಚುಗಳನ್ನು ಕಂಡು, ಒಂದೊಂದನ್ನೇ ಕಿವಿಗೆ ಹಿಡಿದು ಒತ್ತಿದಳು. ಎಲ್ಲವೂ ಟಿಕ್ ಎಂದವು. 'ಅಪ್ಪಾ, ಇವೆಲ್ಲಾ ಚೆನ್ನಾಗೇ ಇವೆ!' ಎಂದು ಕೂಗಿದಳು. ಶಭಾಷ್ ಅನ್ನುತ್ತಾನೆ ಅಂದುಕೊಂಡಿದ್ದಳು. ಅಪ್ಪ ಅವಳನ್ನು ನೋಡಿದ. ಬಲಗೈಯನ್ನು ನಿಧಾನವಾಗಿ ತೊಡೆಯ ಕೆಳಗೆ ತೂರಿಸಿ, ಅದರ ಮೇಲೆ ಭಾರ ಹಾಕಿ ಕೂತ. ಆಮೇಲೆ ಅವನು ಆಡಿದ್ದನ್ನು ಅವಳು ನೋಡಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅಮ್ಮ ಅವನ ಬಾಯಿಗೆ ನೀರಿನ ಲೋಟ ಹಿಡಿಯುತ್ತಿದ್ದಳು.

'ಚಿಕ್ಕಮ್ಮ? ಯಾಕೆ ಕೈ ಮೇಲೆ ಕೂತಿದ್ದೀಯಾ?'

ಗಾಬರಿಯಿಂದ ಎದ್ದು ನಿಂತಳು. ಬಲಗೈ ಜೋಮು ಹಿಡಿದಿತ್ತು. ಎಷ್ಟು ದಿನಗಳಿಂದ ಹೀಗೆ ಕೂರುತ್ತಿದ್ದೇನೆ?

ಹೋದ ತಿಂಗಳು ಮೂವರು ಗಿರಾಕಿಗಳು ಕೋಲು ಬಿಗಿಯಾಯಿತೆಂದು ಹೇಳಿದ್ದರು. 'ಕೋಲು ಬಿಗಿಯಾಗಿಲ್ಲ ಸ್ವಾಮಿ, ನಿಮ್ಮ ಕೈ ಬೆಣ್ಣೆಯಾಗಿದೆ' ಎಂದು ಅವಳು ಮೂವರನ್ನೂ ನಗಿಸಿ ಕಳಿಸಿದ್ದಳು.

'ಬಾ ಇಲ್ಲಿ,' ಎಂದಳು. ಯಂತ್ರದ ಕರೆಂಟು ತೆಗೆದಳು. ಫ್ಯಾನು ಆರಿಸಿದಳು. 'ಈ ಕೋಲಿನ ಮೇಲೆ ಕೈ ಇಡು. ಒತ್ತಬೇಡ. ಮೊಟ್ಟೆ ಹಿಡಿದ ಹಾಗೆ.'

ಅಕ್ಕನ ಮಗಳು ಇಟ್ಟಳು. ಅಂಗಡಿ ನಿಶ್ಶಬ್ದ. ಪಕ್ಕದ ಮನೆಯಲ್ಲಿ ಯಾರೋ ಬಕೆಟ್ಟು ಇಟ್ಟದ್ದೂ ಕೇಳಿಸಿತು. ಕೋಲು ಮಾತ್ರ ಮಾತಾಡಲಿಲ್ಲ.

'ತೆಗಿ.'

ತನ್ನ ಕೈ ಇಟ್ಟಳು. ಉಸಿರು ಹಿಡಿದಳು. ದೇಹದ ಭಾರವನ್ನೆಲ್ಲ ಕಾಲಿಗಿಳಿಸಿದಳು. ಮೊಟ್ಟೆ, ಮೊಟ್ಟೆ, ಮೊಟ್ಟೆ.

ಟಿಕ್.

ಅಕ್ಕನ ಮಗಳ ತಲೆ ಮೊದಲು ತಿರುಗಿತು. ಕೇಳುವುದೇ ಅವಳ ಕಸುಬು.

ಟಿಕ್. ಟಿಕ್ ಟಿಕ್. ಟಿಕ್.

ಗೋಡೆಯೊಳಗೆ ಯಾವುದೋ ಹುಳು ಮರ ಕೊರೆಯುತ್ತಿರುವಂತೆ. ಅವಳು ತನ್ನ ಕೈಯನ್ನು ನೋಡಿದಳು. ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ, ಬಹಳ ಮೆಲ್ಲಗೆ ಉಜ್ಜುತ್ತಿತ್ತು. ಅವಳು ಹಾಗೆ ಮಾಡೆಂದು ಹೇಳಿರಲಿಲ್ಲ. ನಿಲ್ಲು ಎಂದಳು. ಅದು ಅವಳ ಮಾತು ಕೇಳಲಿಲ್ಲ. ಇದೇ ಕೈ ತನಗೆ ಅನ್ನ ಹಾಕಿದ ಕೈ, ಎಂದುಕೊಂಡಳು. ಅಂದುಕೊಳ್ಳುವಾಗಲೂ ಅದು ಪರಿಚಯವಿಲ್ಲದ ಪ್ರಾಣಿಯೊಂದು ತೋಳಿನ ತುದಿಗೆ ಕಚ್ಚಿಕೊಂಡಂತೆ ಕಂಡಿತು.

'ಅಜ್ಜನಿಗೂ...' ಎಂದು ಅಕ್ಕನ ಮಗಳು ಶುರುಮಾಡಿದಳು.

'ಅಜ್ಜನ ಸುದ್ದಿ ಎತ್ತಬೇಡ.'

'ಸರಿ, ಎತ್ತಲ್ಲ. ಡಾಕ್ಟ್ರ ಹತ್ರ ಹೋಗೋಣ. ಹಲ್ಲಿನವರಲ್ಲ. ನಿಜವಾದವರು.'

'ನಾಲ್ಕು ಗಂಟೆಗೆ ಹಲ್ಲಿನವರು ಬರ್ತಾರೆ. ಎದುರಿಗೆ ಆಡಿ ತೋರಿಸ್ಬೇಕು.'

'ಈ ಸಲ ತೋರಿಸ್ದೆ ಕೊಟ್ಬಿಡು.'

'ಯಾಕೆ ಅಂತ ಕೇಳಿದ್ರೆ? ಇವತ್ತು ಇವರು ಕೇಳ್ತಾರೆ, ನಾಳೆ ಊರೇ ಕೇಳತ್ತೆ. ಕೈ ನಡುಗುವವಳ ಹತ್ರ ಯಾರು ಕೋಲು ತರ್ತಾರೆ? ಈ ಅಂಗಡಿ ಬಿಟ್ರೆ ನನಗೆ ಏನಿದೆ ಹೇಳು.'

ಅಕ್ಕನ ಮಗಳು ಕೈಚೀಲದಿಂದ ಉಗುರಿನಷ್ಟಗಲದ ಒಂದು ಸರ್ಕ್ಯೂಟ್ ಬೋರ್ಡು ತೆಗೆದಳು. ಕೆಲಸದ ಜಾಗದಲ್ಲಿ ಅಭ್ಯಾಸಕ್ಕೆಂದು ತಾನೇ ಕೂಡಿಸಿದ್ದು. 'ನಮ್ಮ ಕಿವಿ ಮೆಷಿನ್ ಏನ್ಮಾಡತ್ತೆ ಗೊತ್ತಾ? ಫ್ಯಾನಿನ ಗುಂಯ್ ಅನ್ನೋದನ್ನ ಬಿಟ್ಟು ಮಾತನ್ನಷ್ಟೇ ಒಳಗೆ ಕಳಿಸತ್ತೆ. ಇದನ್ನ ಕೋಲಿಗೂ ಯಂತ್ರಕ್ಕೂ ನಡುವೆ ಹಾಕ್ತೀನಿ. ಚಿಕ್ಕ ಚಿಕ್ಕ ಟಿಕ್ ಎಲ್ಲ ನುಂಗ್ಬಿಡತ್ತೆ. ನೀನು ಬೇಕು ಅಂತ ಒತ್ತಿದ್ದು ಮಾತ್ರ ಹೋಗತ್ತೆ.'

'ಅದಕ್ಕೆ ಹೇಗೆ ಗೊತ್ತು, ನಾನು ಬೇಕು ಅಂತ ಒತ್ತಿದ್ದು ಯಾವುದು ಅಂತ?'

'ಹೊತ್ತು ನೋಡತ್ತೆ. ತುಂಬ ಚಿಕ್ಕದಾದ್ರೆ ಲೆಕ್ಕಕ್ಕಿಲ್ಲ.'

ಅವಳು ಬೇಡ ಎನ್ನಲಿಲ್ಲ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಬೆಸುಗೆಯ ಹೊಗೆ ಎದ್ದಿತು. ಬೆಸುಗೆ ಕಡ್ಡಿಯನ್ನು ಹಿಡಿದ ಅಕ್ಕನ ಮಗಳ ಕೈಯನ್ನೇ ಅವಳು ನೋಡುತ್ತ ನಿಂತಳು. ಎಷ್ಟು ಸುಮ್ಮನಿತ್ತು ಆ ಕೈ. ಅದರ ಮೇಲೆ ಅಸೂಯೆಯಾಯಿತು. ಆ ಅಸೂಯೆಯಿಂದಲೇ ಭಯವೂ ಆಯಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕರೆಂಟು ಕೊಟ್ಟರು. ಅವಳು ಆಡಿದಳು. ಮೊದಲ ಬಾವಿ. ಎರಡನೆಯದು. ಮುಳುಗಪ್ಪ ಎತ್ತಿಕೊಳ್ಳಬೇಕಾದ, ಕಲ್ಲಿನ ಸಂದಿಯಲ್ಲಿದ್ದ ಗಂಟೆಗಾಗಿ ಸಟಕ್ಕನೆ ಬಲಕ್ಕೆ ತಟ್ಟಿದಳು. ಮುಳುಗಪ್ಪ ಕದಲಲಿಲ್ಲ. ಮತ್ತೆ ತಟ್ಟಿದಳು, ಈ ಸಲ ಹಿಡಿದು. ಆಮೇಲೆ ಹೋದ.

'ತಟ್ಟಿದ್ದು ಕೇಳಿಸ್ಲಿಲ್ಲ ಅದಕ್ಕೆ.'

'ಅಷ್ಟು ಸ್ವಲ್ಪ ಹೋಗತ್ತೆ ಚಿಕ್ಕಮ್ಮ. ನಮ್ಮಲ್ಲೂ ಮೆಲ್ಲಗಿನ ಮಾತು ಒಂದೊಂದು ಹೋಗಿಬಿಡತ್ತೆ.'

ಮೂರನೇ ಬಾವಿ. ನಡುಗಟ್ಟೆ. ಮುಳುಗಪ್ಪ ನಿಂತ.

ಒಂದು.

ಕಲ್ಲಿನ ಹಾಗೆ ನಿಂತಿದ್ದ. ಅಪ್ಪನ ಕಾಲದಲ್ಲಿ ನಿಲ್ಲುತ್ತಿದ್ದ ಹಾಗೆ.

ಎರಡು.

ಅವಳು ಕಣ್ಣು ಕೆಳಗಿಳಿಸಿದಳು, ಇಳಿಸಬಾರದಿತ್ತು. ಕೋಲಿನ ಮೇಲೆ ಕೈ ನಡುಗುತ್ತಿತ್ತು. ಬೆಳಗ್ಗೆಗಿಂತ ಜೋರಾಗಿ, ಈಗ ಮಣಿಕಟ್ಟಿನವರೆಗೆ. ಮುಂಗಟ್ಟಿನ ಕೆಳಗೆ ಟಿಕ್ ಟಿಕ್ ಟಿಕ್ ಎಂದು ಸ್ವಿಚ್ಚುಗಳು ಕೂಗುತ್ತಿದ್ದವು, ಮೇಲೆ ಪರದೆಯಲ್ಲಿ ಮುಳುಗಪ್ಪ ತಣ್ಣಗೆ ನಿಂತಿದ್ದ. ಬಾಗಿಲು ಬಡಿಯುತ್ತಿರುವ ಮನೆಯೊಳಗೆ ಒಬ್ಬ ಬೆನ್ನು ತಿರುಗಿಸಿ ಕೂತ ಹಾಗೆ.

ಮೂರು. ಮೇಲಕ್ಕೆ ನೂಕಿದಳು. ಬಾವಿ ದಾಟಿದ್ದಾಯಿತು. ಯಂತ್ರ ಕುಣಿಯುವ ಸ್ವರ ಬಾರಿಸಿತು. ಆ ಸ್ವರ ಅವಳ ಕಿವಿಗೆ ಬಿದ್ದು ವರ್ಷಗಳೇ ಆದವೇನೋ ಎನಿಸಿತು.

'ನೋಡಿದ್ಯಾ!' ಅಕ್ಕನ ಮಗಳು ಚಪ್ಪಾಳೆ ಹೊಡೆದಳು.

ಅವಳು ಕೋಲಿನಿಂದ ಕೈ ತೆಗೆಯಲಿಲ್ಲ. ನಾಳೆ ನಡುಕ ತೋಳಿಗೆ ಹತ್ತುತ್ತದೆ, ಮುಳುಗಪ್ಪ ಹೀಗೇ ನಿಂತಿರುತ್ತಾನೆ. ನಾಡಿದ್ದು ಭುಜಕ್ಕೆ. ಆಗಲೂ ನಿಂತಿರುತ್ತಾನೆ. ಹಲ್ಲಿನ ಡಾಕ್ಟರು ಮನೆಯಲ್ಲಿ ಸಟಕ್ಕನೆ ತಟ್ಟುತ್ತಾರೆ, ಆಟ ಕದಲುವುದಿಲ್ಲ, ನನಗೇ ವಯಸ್ಸಾಯಿತೇನೋ ಎಂದುಕೊಳ್ಳುತ್ತಾರೆ. ಅಪ್ಪನಿಗೆ ಕೊನೆಯವರೆಗೂ ನಿಜ ಹೇಳಿದ್ದು ಹನ್ನೆರಡು ಕೋಲುಗಳು ಮಾತ್ರ. ಮನೆಯವರು ಹೇಳಿರಲಿಲ್ಲ. ಅವಳೂ ಒಂದೇ ಒಂದು ಸಲ ಹೇಳಿದ್ದಳು, ಅದೂ ತಿಳಿಯದೆ.

ಹೊರಗೆ ಕಾರಿನ ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ಬೂಟಿನ ಸಪ್ಪಳ.

'ರಿಪೇರಿ ಅಕ್ಕಾ!' ಹಲ್ಲಿನ ಡಾಕ್ಟರ ದನಿ ಅವರಿಗಿಂತ ಮೊದಲೇ ಒಳಗೆ ಬಂತು. 'ಬಾವಿಗೆ ಇಳಿಯೋಣ್ವಾ? ಬೆಳಗಿಂದ ಒಂದು ಹಲ್ಲೂ ನೆಟ್ಟಗೆ ಕೀಳಕ್ಕಾಗ್ಲಿಲ್ಲ ನನಗೆ, ಇದೇ ಯೋಚನೆ!'

ಅಕ್ಕನ ಮಗಳು ಮುಂಗಟ್ಟಿನ ಮೇಲೆ ಬಾಗಿ, ಮುಚ್ಚಲು ಚಿಕ್ಕಮ್ಮನ ಕತ್ತಿನ ಕೀಲಿ ಹಿಡಿದು, ಕಿವಿಯ ಹತ್ತಿರ ಪಿಸುಗುಟ್ಟಿದಳು.

'ಬೋರ್ಡು ಹಾಗೇ ಇರ್ಲಿ ಚಿಕ್ಕಮ್ಮ. ಇಲ್ಲಿರೋ ಎಲ್ಲ ಯಂತ್ರಕ್ಕೂ ಒಂದೊಂದು ಮಾಡ್ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ.'

ಬಾಗಿಲಲ್ಲಿ ಡಾಕ್ಟರ ನೆರಳು ಬಿತ್ತು.

'ಬೇಡ,' ಎಂದಳು ಅವಳು, ಇಬ್ಬರಿಗೂ ಕೇಳಿಸುವಷ್ಟು ಗಟ್ಟಿಯಾಗಿ. 'ಬಿಚ್ಚು ಅದನ್ನ.'