ಹಡಗಿಗೆ ಹೋದ ತಮ್ಮ

"ಅವನು ಇಲ್ಲಿಲ್ಲ," ಎಂದುಬಿಟ್ಟ ಅಣ್ಣ. "ಹಡಗಿಗೆ ಸೇರ್ಕೊಂಡು ಎರಡು ವರ್ಷ ಆಯ್ತು."

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ಗಾಬರಿಯಾಯಿತು. ಹಡಗಿಗೆ ಸೇರಿದ ತಮ್ಮ ಆ ಹೊತ್ತಿನಲ್ಲಿ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಐಸ್ ಡಿಪೋದ ಹಿಂದೆ, ಪ್ರಯಾಣಿಕರ ನೀರಿನ ಬಾಟಲಿಗಳ ಪೆಟ್ಟಿಗೆಗೆ ಐಸ್ ಗಡ್ಡೆ ಒಡೆದು ತುಂಬುತ್ತಿದ್ದ. ಜೆಟ್ಟಿಯ ಹಲಗೆಯ ಮೇಲೆ ನಿಂತಿದ್ದ ವಯಸ್ಸಾದ ಹೆಂಗಸು ಮಾತ್ರ ನಂಬಿಬಿಟ್ಟರು. ಹೆಗಲಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ರಬ್ಬರ್ ಚಪ್ಪಲಿ. ಬಸ್ಸಿನಿಂದ ಇಳಿದವರು ಲಾಡ್ಜಿಗೂ ಹೋಗದೆ ನೇರ ಇಲ್ಲಿಗೇ ಬಂದಿದ್ದರು. ಕೈಯಲ್ಲೊಂದು ಫೋಟೋ. ಅದರಲ್ಲಿ ತಮ್ಮ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದ, ಅವನ ಹೆಗಲ ಮೇಲೆ ಟೋಪಿ ಹಾಕಿದ ಹಿರಿಯರೊಬ್ಬರು ಕೂತಿದ್ದರು. ಇಬ್ಬರೂ ಬಾಯಿ ತುಂಬ ನಗುತ್ತಿದ್ದರು.

"ನಮ್ಮನೆಯವರು," ಎಂದರು ಆಕೆ. "ಕಾಲು ಸರಿಯಿರಲಿಲ್ಲ. ಎಂಟು ವರ್ಷದ ಹಿಂದೆ ಬಂದಿದ್ವಿ. ಹೋದ ವರ್ಷ ತೀರ್ಕೊಂಡ್ರು. ಆ ಮೂರನೇ ದ್ವೀಪಕ್ಕೆ ಇನ್ನೊಂದು ಸಲ ಹೋಗಿ, ಹಾಗೇ ಆ ಹುಡುಗನ್ನೂ ನೋಡ್ಕೊಂಡು ಬರೋಣ ಅನ್ನಿಸ್ತು."

"ನಾನು ಕರ್ಕೊಂಡು ಹೋಗ್ತೀನಿ ಬನ್ನಿ. ಅವನು ನನ್ನ ತಮ್ಮನೇ. ದೋಣಿನೂ ಅದೇ."

"ಹೌದಾ? ನೀವೂ ಆಗ ಇದ್ರಾ?"

"ಇದ್ದೆ."

ಆಕೆ ಕಣ್ಣು ಕಿರಿದು ಮಾಡಿ ಅವನ ಮುಖವನ್ನು ಒಂದಷ್ಟು ಹೊತ್ತು ನೋಡಿದರು. "ನೆನಪಾಗ್ತಿಲ್ಲ ನೋಡಿ. ವಯಸ್ಸಾಯ್ತು," ಎಂದರು.

ವಯಸ್ಸಿನ ದೋಷವೇನೂ ಅಲ್ಲ ಅದು. ಟಿಕೆಟ್ ಗೂಡಿನ ಗೋಡೆಯ ತುಂಬ ಪ್ರವಾಸಿಗರು ಕಳಿಸಿದ ಫೋಟೋಗಳಿದ್ದವು, ಎಲ್ಲದರಲ್ಲೂ ತಮ್ಮನೇ. ಅಣ್ಣ ಸಿಕ್ಕಿಬಿದ್ದಿದ್ದು ಒಂದೇ ಒಂದರಲ್ಲಿ, ಅದೂ ಚುಕ್ಕಾಣಿ ಹಿಡಿದ ಮೊಣಕೈಯಷ್ಟೇ. ದುಡ್ಡಿದ್ದವರು ರೆಸಾರ್ಟಿನ ಸ್ವಂತ ಜೆಟ್ಟಿಯಿಂದ ಬಿಳಿ ಸ್ಪೀಡ್ ಬೋಟುಗಳಲ್ಲಿ ಹೋಗುತ್ತಿದ್ದರು. ಈ ಮರದ ದೋಣಿಗೆ ಬರುತ್ತಿದ್ದವರು ಒಂದು ಕೋಣೆಯಲ್ಲಿ ಎಂಟು ಮಂದಿ ಮಲಗಿ, ತಮ್ಮ ಬಟ್ಟೆ ತಾವೇ ಒಗೆದು ಲಾಡ್ಜಿನ ಕಂಬಿಗೆ ಹರವುವ ಜನ. ಅವರು ಹೋಗುವಾಗ ಲಾಡ್ಜಿನ ನೋಟಿಸ್ ಹಲಗೆಗೆ ಚೀಟಿ ಚುಚ್ಚಿ ಹೋಗುತ್ತಿದ್ದರು: ನಗುವ ದೋಣಿಯವನನ್ನು ಕೇಳಿ.

ಬಂಡೆ ಎಲ್ಲಿದೆ, ಇಳಿತದ ಹೊತ್ತಿಗೆ ಯಾವ ಸಂದಿನಲ್ಲಿ ನೀರು ಉಳಿದಿರುತ್ತದೆ, ಗಾಳಿ ತಿರುಗುವ ಮುನ್ನ ನೀರಿನ ಬಣ್ಣ ಹೇಗೆ ಬದಲಾಗುತ್ತದೆ, ಇದನ್ನೆಲ್ಲ ತಮ್ಮನಿಗೆ ಕೈಹಿಡಿದು ಕಲಿಸಿದವನು ಅಣ್ಣ. ಹಾಗೆಂದು ಯಾರೂ ಚೀಟಿ ಬರೆಯಲಿಲ್ಲ. ತಮ್ಮ ದೋಣಿಯ ಮುಂತುದಿಯಲ್ಲಿ ನಿಂತು ಮಾತಾಡುತ್ತಿದ್ದ, ಅಣ್ಣ ಹಿಂದೆ ಕೂತು ದೋಣಿ ನಡೆಸುತ್ತಿದ್ದ. ಮನೆಯಲ್ಲೂ ಅದೇ ಕಥೆ. ಮದುವೆಯಾಗದ ತಮ್ಮ ಇವರ ಜೊತೆಯಲ್ಲೇ ಇದ್ದ, ಅಣ್ಣನ ಮಗಳು ಶಾಲೆಯಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ "ಚಿಕ್ಕಪ್ಪ ಎಲ್ಲಿ?" ಎಂದು ಕೇಳುತ್ತಿದ್ದಳು. ಹೊಟ್ಟೆಕಿಚ್ಚು ಎಂದು ಅಣ್ಣ ಅದಕ್ಕೆ ಹೆಸರಿಟ್ಟಿರಲಿಲ್ಲ. ಊಟ ಸೇರುತ್ತಿಲ್ಲ, ಆಸಿಡಿಟಿ ಇರಬೇಕು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ.

ಈಗ ಮಾತು ಆಡಿ ಆಗಿತ್ತು. ಗೂಡಿನ ಹಿಂದೆ ಹೋಗಿ ಫೋನ್ ಮಾಡಿದ.

"ಐಸ್ ಅಲ್ಲೇ ಇಟ್ಟು ಪೇಟೆಗೆ ಹೋಗು. ಇಂಜಿನ್ನಿಗೆ ಹೊಸ ಬೆಲ್ಟ್ ಬೇಕು."

"ಈಗಿರೋದು ಚೆನ್ನಾಗೇ ಇದ್ಯಲ್ಲ ಅಣ್ಣ. ಟ್ರಿಪ್ ಮುಗಿಸಿ ಹೋದ್ರೆ ಆಗಲ್ವಾ?"

"ಹೇಳಿದಷ್ಟು ಮಾಡು. ಇವತ್ತು ನಾನೊಬ್ಬನೇ ಹೋಗ್ತೀನಿ."

"ಸರಿ," ಎಂದ ತಮ್ಮ.

ಹನ್ನೊಂದು ಮಂದಿ ಟಾರ್ಪಾಲಿನ ನೆರಳಿನಲ್ಲಿ ಲೈಫ್ ಜಾಕೆಟ್ ಬಿಗಿದು ಕೂತರು. ಆಕೆ ಎಲ್ಲರಿಗಿಂತ ಮುಂದೆ ಕೂತರು. ಮೊದಲ ದ್ವೀಪ ಹತ್ತಿರವಾದಾಗ ಅಣ್ಣ ಇಂಜಿನ್ ತಗ್ಗಿಸಿ, ಗಂಟಲು ಸರಿಮಾಡಿಕೊಂಡು, ತಮ್ಮ ದಿನಾ ಹೇಳುವ ತಮಾಷೆಯನ್ನೇ ಹೇಳಿದ.

"ಇಲ್ಲಿ ಮೊಬೈಲಿಗೆ ಸಿಗ್ನಲ್ ಇರಲ್ಲ. ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡ್ಬೇಕಾಗುತ್ತೆ."

ಯಾರೂ ನಗಲಿಲ್ಲ. ಕನ್ನಡಕದ ಯುವಕನೊಬ್ಬ ಫೋನ್ ತೆಗೆದು ನೋಡಿ, "ಎರಡು ಕಡ್ಡಿ ಬರ್ತಿದ್ಯಲ್ಲ," ಎಂದ. ಅಣ್ಣ ಇಂಜಿನ್ ಮತ್ತೆ ಏರಿಸಿದ. ಅದೇ ಮಾತಿಗೆ ತಮ್ಮನ ಎದುರು ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅದರಲ್ಲಿ ಏನು ಮಂತ್ರವಿದೆಯೋ ಎಂದು ಎರಡನೇ ದ್ವೀಪ ಮುಟ್ಟುವವರೆಗೂ ಅವನು ಯೋಚಿಸುತ್ತಲೇ ಇದ್ದ.

ಮೂರನೇ ದ್ವೀಪಕ್ಕೆ ಬರುವ ಹೊತ್ತಿಗೆ ನೀರು ಇಳಿದಿತ್ತು. ದೋಣಿ ದಡದವರೆಗೆ ಹೋಗುವಂತಿರಲಿಲ್ಲ. ಲಂಗರು ಹಾಕಿ ಉಳಿದವರನ್ನೆಲ್ಲ ಇಳಿಸಿದ. ಆಮೇಲೆ ತಾನೂ ನೀರಿಗಿಳಿದು, ಆಕೆಯ ಮುಂದೆ ಬೆನ್ನು ಬಗ್ಗಿಸಿ ನಿಂತ.

"ಬನ್ನಿ ಅಮ್ಮ. ಹೊತ್ಕೊಂಡು ಹೋಗ್ತೀನಿ."

"ಬೇಡಪ್ಪ. ಅವರಿಗೆ ಕಾಲು ಸರಿಯಿರಲಿಲ್ಲ ಅಂತ ಆ ಹುಡುಗ ಹೊತ್ತಿದ್ದ. ನನ್ನ ಕಾಲು ಗಟ್ಟಿ ಇದೆ. ನಡೆದೇ ಬರ್ತೀನಿ."

ದಡದ ಮೇಲಿದ್ದವರು ನೋಡುತ್ತಿದ್ದರು. ಬಗ್ಗಿಸಿದ ಬೆನ್ನನ್ನು ಹಾಗೇ ನೆಟ್ಟಗೆ ಮಾಡುವುದು ಅವನಿಗೆ ಕಷ್ಟವಾಯಿತು. ಕೈ ಚಾಚಿದ. ಆಕೆ ಅದನ್ನು ಹಿಡಿದು, ಸೀರೆಯ ನೆರಿಗೆ ಎತ್ತಿಕೊಂಡು, ಮೆಲ್ಲನೆ ನಡೆದು ದಡ ಸೇರಿದರು.

ಬಂಡೆಯ ನೆರಳಿನಲ್ಲಿ ಆಕೆ ಕೂತರು. ಹುಡುಗ ಹುಡುಗಿಯರು ಮುಖಕ್ಕೆ ಗಾಜಿನ ಮುಖವಾಡ ಏರಿಸಿ ಮೀನು ನೋಡಲು ನೀರಿಗೆ ಬಿದ್ದಿದ್ದರು. ಅಣ್ಣ ಸ್ವಲ್ಪ ಆಚೆ ನಿಂತಿದ್ದ, ಆಕೆ ಕೈಬೀಸಿ ಕರೆದರು.

"ಅವತ್ತು ಎಲ್ಲರೂ ಇಳಿದ್ರು. ನಾನು ಬರಲ್ಲ, ಇಲ್ಲೇ ಕೂತಿರ್ತೀನಿ ಅಂತ ಇವರು ಹಟ ಮಾಡಿದ್ರು. ನಿಮ್ಮ ತಮ್ಮ ಏನಂದ ಗೊತ್ತಾ? ಸಾರ್, ದೋಣಿ ಹತ್ತೋಕೆ ಟಿಕೆಟ್ ಇಲ್ದೇ ಇದ್ರೂ ನಡೆಯುತ್ತೆ, ಇಳಿಯದೆ ಇದ್ರೆ ನಡೆಯಲ್ಲ, ರೂಲ್ಸ್ ಇದೆ ಅಂದ." ಆಕೆ ನಕ್ಕರು. "ಆಮೇಲೆ ಸಾಯೋವರೆಗೂ ನಮ್ಮನೇಲಿ ಅದೇ ಮಾತು. ಆಸ್ಪತ್ರೆಗೆ ಹೋಗಲ್ಲ ಅಂದ್ರೆ ನಾನು ಅನ್ನೋದು, ರೂಲ್ಸ್ ಇದೆ ಸಾರ್."

ಅಣ್ಣನಿಗೆ ಆ ದಿನ ನೆನಪಿತ್ತು. ಅವರಿಬ್ಬರು ನಗುತ್ತಿದ್ದಷ್ಟು ಹೊತ್ತೂ ಅವನು ಅಲೆಗೆ ವಾಲುತ್ತಿದ್ದ ದೋಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಎಲ್ಲಿದ್ದಾನೆ ಈಗ? ಮದುವೆ ಆಯ್ತಾ?"

"ಆಯ್ತು. ಒಬ್ಬಳು ಮಗಳಿದ್ದಾಳೆ. ಒಂದನೇ ಕ್ಲಾಸು."

ತನ್ನ ಮಗಳನ್ನೇ ತಮ್ಮನ ಮಗಳನ್ನಾಗಿ ಮಾಡಿಬಿಟ್ಟಿದ್ದು ಮಾತು ಆಡಿದ ಮೇಲಷ್ಟೇ ಅವನಿಗೆ ತಿಳಿಯಿತು. ಬೇರೆ ಯಾವ ಮಗುವೂ ತಕ್ಷಣಕ್ಕೆ ಹೊಳೆದಿರಲಿಲ್ಲ. ದೊಡ್ಡ ಸರಕಿನ ಹಡಗು ಎಂದ. ಒಳ್ಳೇ ಕ್ಯಾಪ್ಟನ್, ವರ್ಷಕ್ಕೊಮ್ಮೆ ರಜೆ ಎಂದ. ಹೇಳುತ್ತ ಹೋದಂತೆ ಎದೆ ಹಗುರಾಯಿತು. ಅಷ್ಟು ದೂರದಲ್ಲಿರುವ ತಮ್ಮನ ಮೇಲೆ ಅವನಿಗೆ ಪ್ರೀತಿಯೇ ಉಕ್ಕಿಬಂತು. "ಒಳ್ಳೇ ಹುಡುಗ ಅಮ್ಮ ಅವನು," ಎಂದ, ಆ ಮಾತನ್ನು ಮನಸ್ಸಿನಿಂದಲೇ ಹೇಳಿದ.

ವಾಪಸಾಗುವಾಗ ನೀರು ಇನ್ನೂ ಇಳಿದಿತ್ತು. ಎರಡೂ ಕಡೆ ಬಂಡೆಗಳ ನೆತ್ತಿ ಕಾಣುತ್ತಿತ್ತು. ಅಣ್ಣ ಎದ್ದು ನಿಂತು, ನೀರಿನ ಮೇಲೆ ಕಣ್ಣು ನೆಟ್ಟು, ದೋಣಿಯ ಹೊಟ್ಟೆಗೆ ಒಂದು ಗೀರೂ ಬೀಳದ ಹಾಗೆ ಆ ಸಂದಿನಿಂದ ಪಾರುಮಾಡಿದ. ಪ್ರಯಾಣಿಕರಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರು.

ಜೆಟ್ಟಿಯ ಮೇಲೆ ತಮ್ಮ ನಿಂತಿದ್ದ. ಪೇಟೆಯಿಂದ ಅಷ್ಟು ಬೇಗ ಬರುತ್ತಾನೆಂದು ಅಣ್ಣ ಎಣಿಸಿರಲಿಲ್ಲ. ಹೊಸ ಬೆಲ್ಟನ್ನು ಕೊರಳಿಗೆ ಹಾಕಿಕೊಂಡು, ಹಗ್ಗ ಎಸೆ ಎಂದು ಎಂದಿನಂತೆ ಕೈಯೆತ್ತಿ ನಿಂತಿದ್ದ. ಅಣ್ಣನಿಗೆ ಹಗ್ಗ ಎಸೆಯದೆ ಬೇರೆ ದಾರಿಯಿರಲಿಲ್ಲ.

ಆಕೆ ಹಲಗೆಯ ಮೇಲೆ ಕಾಲಿಟ್ಟವರು ತಮ್ಮನ ಮುಖ ನೋಡಿದರು, ಫೋಟೋ ನೋಡಿದರು, ಮತ್ತೆ ಮುಖ ನೋಡಿದರು. "ನೀನೇ ಅಲ್ವಾ? ಹಡಗಲ್ಲಿದ್ದಾನೆ ಅಂದ್ರಲ್ಲ ನಿಮ್ಮಣ್ಣ?"

ತಮ್ಮ ಅಣ್ಣನ ಕಡೆ ನೋಡಿದ. ಅಣ್ಣ ಕೆಳಗೆ ನೋಡುತ್ತಿದ್ದ.

"ಹೌದಮ್ಮ. ಇವತ್ತೇ ಬಂದೆ. ಅಣ್ಣನಿಗೂ ಹೇಳಿರಲಿಲ್ಲ, ಸುಮ್ನೆ ಹೆದರಿಸೋಣ ಅಂತ. ನೋಡಿ, ಹೇಗೆ ಹೆದರಿ ನಿಂತಿದ್ದಾನೆ."

ಆಕೆ ಅವನ ಎರಡೂ ಕೈ ಹಿಡಿದುಕೊಂಡರು. ಗಂಡ ಹೋದ ಸುದ್ದಿ ಹೇಳಿದರು. ತಮ್ಮ ನಗು ಬಿಟ್ಟು, ಫೋಟೋ ಇಸಿದುಕೊಂಡು ಬಹಳ ಹೊತ್ತು ನೋಡಿದ. "ರೂಲ್ಸ್ ಸಾರ್," ಎಂದ ಮೆಲ್ಲಗೆ. ಆಕೆಯ ಕಣ್ಣು ತುಂಬಿತು.

"ಮಗಳು ಹೇಗಿದ್ದಾಳಪ್ಪ? ಒಂದನೇ ಕ್ಲಾಸಂತೆ."

ತಮ್ಮ ಈ ಸಲ ಅಣ್ಣನ ಕಡೆ ತಿರುಗಲಿಲ್ಲ. "ಚೆನ್ನಾಗಿದ್ದಾಳೆ. ಹೋದ ವಾರ ಮುಂದಿನ ಹಲ್ಲು ಬಿತ್ತು. ಸ ಅನ್ನೋಕೆ ಬರಲ್ಲ, ಗಾಳಿ ಹೋಗುತ್ತೆ. ಬಿದ್ದ ಹಲ್ಲನ್ನ ಬೆಂಕಿಪೆಟ್ಟಿಗೇಲಿ ಇಟ್ಕೊಂಡು ಎಲ್ರಿಗೂ ತೋರಿಸ್ತಾಳೆ."

ದೋಣಿಯಲ್ಲಿ ನಿಂತ ನೀರನ್ನು ಹೊರಗೆ ಚೆಲ್ಲುತ್ತಿದ್ದ ಅಣ್ಣನ ಕೈ ನಿಂತಿತು. ಎಲ್ಲರಿಗೂ ತೋರಿಸಿದ್ದಳಂತೆ. ಅವನಿಗೆ ತೋರಿಸಿರಲಿಲ್ಲ. ಅಥವಾ ಅವಳು ಬೆಂಕಿಪೆಟ್ಟಿಗೆ ಹಿಡಿದು ಬಂದಾಗ, ಆಮೇಲೆ ನೋಡ್ತೀನಿ ಹೋಗು ಎಂದಿದ್ದನೋ ಏನೋ. ಅಂಥದ್ದೊಂದು ಸಂಜೆ ಇತ್ತು ಎನ್ನಿಸಿತು.

ಆಕೆಯ ಚೀಲವನ್ನು ತಮ್ಮನೇ ಲಾಡ್ಜಿಗೆ ಹೊತ್ತುಕೊಟ್ಟು ಬಂದ. ಬಂದವನು ದೋಣಿಗಿಳಿದು, ಲೈಫ್ ಜಾಕೆಟ್‌ಗಳನ್ನು ಒಂದೊಂದಾಗಿ ಕೊಡವಿ ಹಗ್ಗಕ್ಕೆ ಹಾಕಿದ. ಬೈದರೆ ಸಾಕೆಂದು ಅಣ್ಣ ಕಾದ. ತಮ್ಮ ಬೈಯಲಿಲ್ಲ.

"ನಾಳೆನೂ ಬರ್ತಾರಂತೆ," ಎಂದ ಕೊನೆಗೆ. "ಹಡಗು ಯಾವ ಕಡೆ ಹೋಗುತ್ತೆ ಅಂತಾದ್ರೂ ಹೇಳಿಡು. ಕೇಳಿದ್ರೆ ತಬ್ಬಿಬ್ಬಾಗ್ತೀನಿ."

ತಮ್ಮ ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಇದರಲ್ಲೂ ಅವನೇ ಗೆದ್ದಿದ್ದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಗಳು ಬಾಗಿಲ ಮೆಟ್ಟಿಲ ಮೇಲೆ ಕೂತು ಪುಸ್ತಕಕ್ಕೆ ಬಣ್ಣ ಬಳಿಯುತ್ತಿದ್ದಳು. ಅವನನ್ನು ನೋಡಿ, ಅವನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಬೀದಿಯ ಕಡೆ ಕತ್ತು ಚಾಚಿದಳು. ಅಣ್ಣ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಎಲ್ಲಿ, ಬಾಯಿ ತೆಗಿ ನೋಡೋಣ."

"ಯಾಕೆ?"

"ಸುಮ್ನೆ."

ಅವಳು ಅನುಮಾನದಿಂದಲೇ ಬಾಯಿ ತೆರೆದಳು. ಅವನು ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದ. ಖಾಲಿ ಒಸಡಿನ ನಡುವೆ, ಅಕ್ಕಿಕಾಳಿನ ತುದಿಯಷ್ಟು ಬೆಳ್ಳಗೆ ಏನೋ ಕಂಡಿತು.

"ಆಯ್ತಾ?" ಎಂದಳು ಬಾಯಿ ಮುಚ್ಚದೆಯೇ.

ಅವನು ಗದ್ದ ಬಿಡಲಿಲ್ಲ, ನೋಡುತ್ತಲೇ ಇದ್ದ.